ಲಂಚ ತಗೊಳ್ಳದೆಯೂ ದುಡ್ಡು ಮಾಡಬಹುದು

ಭ್ರಷ್ಟಾಚಾರ ಅಂದ ಕೂಡಲೇ ನಮಗೆ ನೆನಪಾಗುವುದು ನೋಟಿನ ಕಂತೆ. ಟಿವಿಯವರು ತೋರಿಸುವುದೂ ಅದನ್ನೇ. ಆದರೆ ಸ್ವಲ್ಪ ಚಾಣಾಕ್ಷ ರಾಜಕಾರಣಿಗೆ ಲಂಚ ಬೇಕಾಗಿಯೇ ಇಲ್ಲ. ಅವರದೇ ಕಾಲೇಜಿರುತ್ತದೆ, ಸಕ್ಕರೆ ಕಾರ್ಖಾನೆ ಇರುತ್ತದೆ, ಗಣಿ ಇರುತ್ತದೆ. ಆ ಉದ್ಯಮದ ಹಣೆಬರಹ ಬರೆಯುವ ಸಭೆಯಲ್ಲಿ ಅವರಿಗೂ ಒಂದು ಕುರ್ಚಿ ಇದ್ದರೆ ಸಾಕು. ಯಾರೂ ಯಾರಿಗೂ ಏನೂ ಕೊಡಬೇಕಾಗಿಲ್ಲ. ಆಮೇಲೆ ಲೋಕಾಯುಕ್ತದವರು ಬಂದು ಹಿಡಿಯೋದಾದರೂ ಏನನ್ನ?

ಇದಕ್ಕೆ ಹಿತಾಸಕ್ತಿ ಸಂಘರ್ಷ ಅಂತ ಹೆಸರಿದೆ. ಇದನ್ನು ನೇರವಾಗಿ ತಡೆಯುವ ಸಮಗ್ರ ಕಾನೂನು ಭಾರತದಲ್ಲಿ ಇಲ್ಲ.

1988ರ ಭ್ರಷ್ಟಾಚಾರ ತಡೆ ಕಾಯ್ದೆ ಇದೆಯಲ್ಲ ಅನ್ನಬಹುದು. ಅದು ಹುಡುಕುವುದು ಕೊಟ್ಟವರನ್ನ, ತಗೊಂಡವರನ್ನ, ಆದಾಯಕ್ಕೆ ಮೀರಿ ಆಸ್ತಿ ಮಾಡಿದವರನ್ನ. ಸಾರ್ವಜನಿಕ ಹಿತ ಇಲ್ಲದೆ ಯಾರಿಗಾದರೂ ಲಾಭ ಮಾಡಿಕೊಟ್ಟರೆ ಅಪರಾಧ ಅನ್ನುವ ಒಂದು ಅಂಶ ಅದರ 13ನೇ ಸೆಕ್ಷನ್‌ನಲ್ಲಿತ್ತು. 2018ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಪ್ರಾಮಾಣಿಕ ಅಧಿಕಾರಿಗಳು ಸಹಿ ಹಾಕೋಕೇ ಹೆದರುತ್ತಿದ್ದಾರೆ ಅನ್ನುವುದು ಅದಕ್ಕೆ ಕೊಟ್ಟ ಕಾರಣ. ಆ ಮಾತಲ್ಲಿ ಹುರುಳಿಲ್ಲದೇ ಇಲ್ಲ. ಒಳ್ಳೆಯ ಉದ್ದೇಶದಿಂದ ಮಾಡಿದ ನಿರ್ಧಾರ ಹತ್ತು ವರ್ಷ ಆದಮೇಲೆ ಕೇಸಾಗಿ ಬಂದರೆ ಯಾರು ತಾನೇ ಫೈಲ್ ಮುಟ್ಟುತ್ತಾರೆ? ಆದರೆ ತೆಗೆದ ಜಾಗದಲ್ಲಿ ಇನ್ನೊಂದನ್ನು ಇಡಬೇಕಿತ್ತು. ಅಲ್ಲಿ ಇಡಬೇಕಾಗಿದ್ದದ್ದು ಹಿತಾಸಕ್ತಿ ಸಂಘರ್ಷ ತಡೆಯುವ ಕಾನೂನು. ಇದಕ್ಕೆ ನಿಮ್ಮ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಬೇಡ. ನಿರ್ಧಾರ ಸರಿಯೋ ತಪ್ಪೋ ಅನ್ನುವುದೂ ಬೇಡ. ಆ ವಿಷಯದಲ್ಲಿ ನಿಮ್ಮ ಸ್ವಂತ ಪಾಲಿತ್ತಾ, ಆದರೂ ನೀವು ಆ ಸಭೆಯಲ್ಲಿ ಕೂತಿದ್ರಾ? ಅಷ್ಟು ಸಾಕು. ಪಾಲಿಲ್ಲದ ಅಧಿಕಾರಿ ನಿಶ್ಚಿಂತೆಯಿಂದ ಸಹಿ ಹಾಕಬಹುದು.

ತನ್ನ ಮಗ ಪರೀಕ್ಷೆ ಬರೆದಿದ್ದರೆ ಮೇಷ್ಟ್ರು ಅವನ ಉತ್ತರ ಪತ್ರಿಕೆ ತಿದ್ದುವ ಹಾಗಿಲ್ಲ. ಅದನ್ನು ಯಾವ ಮೇಷ್ಟ್ರೂ ಅವಮಾನ ಅಂದುಕೊಳ್ಳಲ್ಲ. ನಮ್ಮ ಸಚಿವರು ಮಾತ್ರ ‘ನನ್ನ ಮೇಲೆ ಅನುಮಾನವಾ?’ ಅಂತ ಯಾಕೆ ಸಿಟ್ಟಾಗಬೇಕು?

ಇಲ್ಲಿ ಏನೂ ಇಲ್ಲ ಅಂತಲ್ಲ. ಸಚಿವರಿಗೊಂದು ನೀತಿ ಸಂಹಿತೆ 1964ರಿಂದ ಇದೆ. ಓದಿದರೆ ಮಜಾ ಬರುತ್ತದೆ. ಸಚಿವರಾದವರು ತಮ್ಮ ವ್ಯಾಪಾರದ ಆಡಳಿತದಿಂದ ದೂರ ಆಗಬೇಕು. ಲೈಸೆನ್ಸ್, ಪರ್ಮಿಟ್, ಗುತ್ತಿಗೆಯನ್ನೇ ನಂಬಿಕೊಂಡ ಉದ್ಯಮವಾದರೆ ಪಾಲನ್ನೂ ಬಿಟ್ಟುಕೊಡಬೇಕು. ಯಾರಿಗೆ? ಆ ವ್ಯಾಪಾರದಲ್ಲಿ ಮೊದಲೇ ಇದ್ದ ಕುಟುಂಬದ ವಯಸ್ಕ ಸದಸ್ಯರಿಗೋ ಸಂಬಂಧಿಕರಿಗೋ ಕೊಡಬಹುದು, ಹೆಂಡತಿಗೆ ಅಥವಾ ಗಂಡನಿಗೆ ಮಾತ್ರ ಕೊಡುವ ಹಾಗಿಲ್ಲ! ಅಂದರೆ ಮಗನಿಗೆ ಕೊಟ್ಟರೆ ಎಲ್ಲ ಶುದ್ಧ. ಇದನ್ನು ಜಾರಿ ಮಾಡಬೇಕಾದವರು ಕೇಂದ್ರದಲ್ಲಿ ಪ್ರಧಾನಿ, ರಾಜ್ಯದಲ್ಲಿ ಮುಖ್ಯಮಂತ್ರಿ. ತಮ್ಮ ಸರ್ಕಾರ ಉಳಿಸಿಕೊಟ್ಟ ಸಚಿವರ ಮೇಲೆ ಅವರು ಕ್ರಮ ತಗೋತಾರೆ ಅಂತ ನಾವು ಕಾಯಬೇಕು. ಮೇಲಾಗಿ ಇದು ಕಾನೂನಲ್ಲ. ಮುರಿದರೆ ಕೋರ್ಟಿಗೆ ಹೋಗೋಕೆ ಬರಲ್ಲ.

ಇನ್ನು ಜನಪ್ರತಿನಿಧಿ ಕಾಯ್ದೆಯ 9ಎ ಸೆಕ್ಷನ್. ಸರ್ಕಾರಕ್ಕೆ ಸರಕು ಪೂರೈಸುವ, ಸರ್ಕಾರದ ಕಾಮಗಾರಿ ಮಾಡುವ ಗುತ್ತಿಗೆ ಇಟ್ಟುಕೊಂಡವರು ಅನರ್ಹರಾಗುತ್ತಾರೆ. ಗಣಿ ಗುತ್ತಿಗೆ ಇದರೊಳಗೆ ಬರಲ್ಲ ಅಂತ ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಯಾಕೆಂದರೆ ಗಣಿ ಅಗೆಯುವುದು ಸರ್ಕಾರದ ಕಾಮಗಾರಿಯಲ್ಲ. ಕಾನೂನಿನ ಅಕ್ಷರಕ್ಕೆ ಅದು ಸರಿಯೇ ಇರಬಹುದು. ಅದರ ಪರಿಣಾಮ ಜಾರ್ಖಂಡ್‌ನಲ್ಲಿ ಕಾಣಿಸಿತು. 2021ರಲ್ಲಿ ಹೇಮಂತ್ ಸೊರೇನ್ ಮುಖ್ಯಮಂತ್ರಿ, ಗಣಿ ಖಾತೆಯೂ ಅವರದೇ. ಕಲ್ಲು ಗಣಿ ಗುತ್ತಿಗೆ ಮಂಜೂರಾಗಿದ್ದೂ ಅವರ ಹೆಸರಿಗೇ. ಗಲಾಟೆಯಾದ ಮೇಲೆ ಅದನ್ನು ವಾಪಸ್ ಕೊಟ್ಟರು. ಚುನಾವಣಾ ಆಯೋಗ ವಿಚಾರಣೆ ನಡೆಸಿ 2022ರ ಆಗಸ್ಟ್‌ನಲ್ಲಿ ತನ್ನ ಅಭಿಪ್ರಾಯವನ್ನು ರಾಜ್ಯಪಾಲರಿಗೆ ಕಳಿಸಿತು. ಅದರಲ್ಲಿ ಏನಿದೆ ಅಂತ ರಾಜ್ಯಪಾಲರು ಜನರಿಗೆ ಹೇಳಲೇ ಇಲ್ಲ. ಕಾಂಗ್ರೆಸ್ ಮಿತ್ರಕೂಟದ ಉದಾಹರಣೆ ಮಾತ್ರ ಕೊಟ್ಟೆ ಅಂತ ಕಾಮೆಂಟಲ್ಲಿ ಬರಬೇಡಿ. 2008ರಲ್ಲಿ ನಮ್ಮ ಬಿಜೆಪಿ ಸರ್ಕಾರದ ಸಂಪುಟದಲ್ಲಿ ಬಳ್ಳಾರಿಯ ಗಣಿ ಉದ್ಯಮಿಗಳೇ ಕೂತಿದ್ದರು. ಕೊನೆಗೆ ಏನಾಯಿತು ಅಂತ ತಿಳಿಯೋಕೆ 2011ರ ಲೋಕಾಯುಕ್ತ ವರದಿ ಬರಬೇಕಾಯಿತು. ಅಷ್ಟು ಹೊತ್ತಿಗೆ ಅದಿರು ಹಡಗು ಹತ್ತಿ ಹೋಗಿತ್ತು.

‘ಹಾಗಾದರೆ ರೈತ ಶಾಸಕರು ಬೆಂಬಲ ಬೆಲೆ ಬಗ್ಗೆ ಮಾತಾಡಲೇಬಾರದಾ?’ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಕೆನಡಾದ ಕಾಯ್ದೆಯಲ್ಲಿ ಇದಕ್ಕೆ ಉತ್ತರ ಇದೆ. ಎಲ್ಲರಿಗೂ ಅನ್ವಯಿಸುವ ವಿಷಯ, ಅಥವಾ ದೊಡ್ಡದೊಂದು ವರ್ಗದ ಒಬ್ಬರಾಗಿ ನಿಮಗೂ ತಟ್ಟುವ ವಿಷಯ ಖಾಸಗಿ ಹಿತಾಸಕ್ತಿ ಅನ್ನಿಸಿಕೊಳ್ಳಲ್ಲ. ಕಬ್ಬು ಬೆಳೆಗಾರರು ಕಬ್ಬಿನ ದರದ ಬಗ್ಗೆ ಮಾತಾಡಲಿ. ಸಕ್ಕರೆ ಕಾರ್ಖಾನೆಯ ಮಾಲೀಕರು ತಮ್ಮದೇ ಕಾರ್ಖಾನೆಯ ಬಾಕಿ ಮನ್ನಾ ಮಾಡುವ ಫೈಲ್ ನೋಡಬಾರದು, ಅಷ್ಟೇ.

ಅದೇ ಕೆನಡಾದಿಂದ ಇನ್ನೊಂದು ಪಾಠವೂ ಇದೆ. ಅಲ್ಲಿ ಸ್ವತಂತ್ರ ಆಯುಕ್ತರಿದ್ದಾರೆ. ಅಧಿಕಾರದಲ್ಲಿದ್ದ ಪ್ರಧಾನಿ ಟ್ರೂಡೊ ಅವರೇ ಕಾಯ್ದೆ ಮುರಿದಿದ್ದಾರೆ ಅಂತ 2017ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ವರದಿ ಕೊಟ್ಟರು. ಇಲ್ಲಿ ಅಂಥದ್ದನ್ನು ಊಹಿಸೋಕೂ ಆಗಲ್ಲ. ಆದರೆ ಅಲ್ಲಿ ದಂಡ ಅಂತ ಇರುವುದು ಹೆಚ್ಚೆಂದರೆ 500 ಡಾಲರ್. ಅದೂ ಘೋಷಣೆಗಳನ್ನು ಸರಿಯಾಗಿ ಸಲ್ಲಿಸದ ತಪ್ಪಿಗೆ ಮಾತ್ರ. ಆ ಎರಡು ವರದಿಗಳಿಂದ ಪ್ರಧಾನಿಯ ಕೈಯಿಂದ ಒಂದು ಡಾಲರ್ ಕೂಡ ಹೋಗಲಿಲ್ಲ. ನಮಗೆ ಇದರ ನಕಲು ಸಾಲದು. ಪಾಲಿದ್ದವರು ಕೂತು ಮಾಡಿದ ನಿರ್ಧಾರ ರದ್ದಾಗಬೇಕು, ಅದರಿಂದ ಬಂದ ಲಾಭ ವಾಪಸ್ ಬರಬೇಕು. ಜೈಲಿಗಿಂತ ಇದಕ್ಕೇ ಅವರು ಜಾಸ್ತಿ ಹೆದರುತ್ತಾರೆ ಅಂತ ನನ್ನ ಅನಿಸಿಕೆ.

ಆಸ್ತಿ ಘೋಷಣೆ ಒಂದೇ ಸಾಕು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸುಪ್ರೀಂ ಕೋರ್ಟ್ ಪುಣ್ಯದಿಂದ ಅಭ್ಯರ್ಥಿಗಳ ಅಫಿಡವಿಟ್ ನಮ್ಮ ಮೊಬೈಲ್‌ಗೇ ಬರುತ್ತದೆ. ಓದುತ್ತೇವೆ, ‘ಅಬ್ಬಾ’ ಅನ್ನುತ್ತೇವೆ, ಸುಮ್ನೆ ಮುಂದಕ್ಕೆ ಸ್ಕ್ರೋಲ್ ಮಾಡುತ್ತೇವೆ. ಪಾಲಿದೆ ಅಂತ ಬರೆದುಕೊಟ್ಟವರು ಮರುದಿನ ಅದೇ ಖಾತೆಯ ಸಚಿವರಾಗೋಕೆ ಯಾವ ಅಡ್ಡಿಯೂ ಇಲ್ಲ.

ಮುಂದಿನ ಚುನಾವಣೆಗೆ ಯಾವುದಾದರೂ ಪಕ್ಷ ಇಂಥ ಕಾನೂನನ್ನು ಪ್ರಣಾಳಿಕೆಗೆ ಹಾಕಿದರೆ ನಾನು ಮೊದಲು ನೋಡುವುದು ಎರಡೇ. ಮಗ, ಸೊಸೆ, ಅಳಿಯ ಅದರೊಳಗೆ ಬಂದಿದ್ದಾರಾ? ದೂರು ಕೊಡೋಕೆ ಮುಖ್ಯಮಂತ್ರಿಯ ಅನುಮತಿ ಬೇಕಾ?