ನಂದಿನಿ ಹಾಲು ಏರಿದ್ದು 2 ರೂಪಾಯಿ ಅಲ್ಲ, 4 ರೂಪಾಯಿ

ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ಮೆಸೇಜ್ ಮತ್ತೆ ಮತ್ತೆ ಬರ್ತಿದೆ, 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಏರಿದ್ದು ಲೀಟರಿಗೆ ಬರೀ 2 ರೂಪಾಯಿ, 44 ಇದ್ದಿದ್ದು 46 ಆಯ್ತು ಅಷ್ಟೇ, 4 ರೂಪಾಯಿ ಅನ್ನೋದು ಸುಳ್ಳು ಅಂತ. ಇದು ಸರಿ ಅಲ್ಲ.

ನೀಲಿ ಪ್ಯಾಕೆಟ್ 2024ರ ಜೂನ್‌ವರೆಗೆ ಲೀಟರಿಗೆ 42 ಇತ್ತು. ಆಮೇಲೆ ಅದನ್ನ 44 ಮಾಡಿದ್ರು, ಆದ್ರೆ ಆಗ ಪ್ಯಾಕೆಟ್ ಒಳಗೆ 50 ಎಂಎಲ್ ಜಾಸ್ತಿ ಹಾಕಿದ್ರು, ಅಂದ್ರೆ 44ಕ್ಕೆ 1050 ಎಂಎಲ್. ಲೆಕ್ಕ ಹಾಕಿದ್ರೆ ಲೀಟರಿಗೆ ಹೆಚ್ಚುಕಮ್ಮಿ ಅದೇ 42. 2025ರ ಏಪ್ರಿಲ್ 1ಕ್ಕೆ ಆ 50 ಎಂಎಲ್ ತೆಗೆದ್ರು, ರೇಟು 46 ಮಾಡಿದ್ರು. ಪ್ಯಾಕೆಟ್ ಮೇಲಿನ ರೇಟು ಮಾತ್ರ ನೋಡೋರಿಗೆ 2 ರೂಪಾಯಿ ಅನ್ಸುತ್ತೆ, ಒಳಗಿನ ಹಾಲು ಕಮ್ಮಿ ಆಗಿದ್ದು ಲೆಕ್ಕಕ್ಕೇ ಬರಲ್ಲ. ಸರ್ಕಾರನೂ ಲೀಟರಿಗೆ 4 ರೂಪಾಯಿ ಅಂತಾನೇ ಹೇಳಿತ್ತು, ಅದು ರೈತರಿಗೆ ಹೋಗುತ್ತೆ ಅಂತ. ಹಸು ಸಾಕೋರ ಕಷ್ಟ ಗೊತ್ತು, ಅವರಿಗೆ ಸಿಗೋದಾದ್ರೆ ನಂಗೆ ತಕರಾರಿಲ್ಲ.

ಆದ್ರೆ 2 ರೂಪಾಯಿಗೆ ಯಾಕಿಷ್ಟು ಗಲಾಟೆ ಅಂತ ಕೇಳೋದು ತಪ್ಪು. ದಿನಾ ಎರಡು ಲೀಟರ್ ತಗೊಳ್ಳೋ ಮನೇಲಿ ತಿಂಗಳಿಗೆ 240 ರೂಪಾಯಿ ಜಾಸ್ತಿ ಆಯ್ತು, ಮೊಸರೂ ಆವತ್ತೇ ಕೆಜಿಗೆ 50ರಿಂದ 54 ಆಯ್ತು. ಮಕ್ಕಳು, ವಯಸ್ಸಾದೋರು ಇರೋ ಮನೇಲಿ ಹಾಲು ಎಲ್ಲಿಂದ ಕಮ್ಮಿ ಮಾಡೋದು? ತರಕಾರಿಲೋ ಹಣ್ಣಲ್ಲೋ ಕಟ್ ಮಾಡ್ಬೇಕು, ನಮ್ಮನೇಲಿ ಹಣ್ಣೇ ಹೋಗಿದ್ದು.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡ್ಬೇಡಿ.