ಉತ್ತರ ಕನ್ನಡದ ಆತಿಥ್ಯೋದ್ಯಮ ಇನ್ನು ಹೋಮ್‌ಸ್ಟೇಗಳನ್ನೇ ನಂಬಬೇಕೆ?

ಪರ

ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ 2020ರ ಮಾರ್ಚ್ ಮೊದಲಾರ್ಧದಲ್ಲಿ ಮುಗಿದು, ಬಂದ ಜನ ಊರು ಸೇರಿ ಎರಡು ವಾರ ಕಳೆಯುವಷ್ಟರಲ್ಲಿ ಕೋವಿಡ್ ಲಾಕ್‌ಡೌನಿನಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಆಮೇಲೆ ನಮ್ಮ ಜಿಲ್ಲೆಯ ಹೋಟೆಲು, ಲಾಡ್ಜುಗಳಿಗೆ ಬಿದ್ದ ಪೆಟ್ಟು ಎಷ್ಟೆಂದು ತಿಳಿಯಲು ಕರಾವಳಿಯ ವರ್ಷದ ಲೆಕ್ಕ ಗೊತ್ತಿರಬೇಕು. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರಿನಿಂದ ಮೇ ತಿಂಗಳವರೆಗೆ ದುಡಿದಿಟ್ಟ ಹಣದಲ್ಲಿ ಮುಂದಿನ ಮಳೆಗಾಲವನ್ನು ದಾಟಿಸುವ ವ್ಯಾಪಾರವಿದು. ಆ ವರ್ಷ ಏಪ್ರಿಲ್-ಮೇ ರಜೆಯ ಗಳಿಕೆ ಪೂರ್ತಿ ಕೈಬಿಟ್ಟಿತು. ಜೂನ್ 8ರಂದು ಬಾಗಿಲು ತೆರೆಯಲು ಅನುಮತಿ ಸಿಕ್ಕಾಗ ಮಳೆಗಾಲ ಬಂದಿತ್ತು. ಪ್ರವಾಸಿಗರು ಕಡಲಿಗೆ ಇಳಿಯುವ ಕಾಲ ಅದಾಗಿರಲಿಲ್ಲ, ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಮೀನೂಟದ ಖಾನಾವಳಿಗಳಿಗೆ ತಾಜಾ ಮೀನೂ ದುರ್ಲಭವಾಯಿತು. ಮರುವರ್ಷ ಏಪ್ರಿಲ್ 27ರಿಂದ ಜಾರಿಯಾದ ಎರಡನೇ ಅಲೆಯ ನಿರ್ಬಂಧಗಳು ಮತ್ತೊಂದು ಬೇಸಿಗೆಯನ್ನು ನುಂಗಿದವು. ಗೋಕರ್ಣದ ಕುಡ್ಲೆ ಮತ್ತು ಓಂ ಕಡಲತೀರಗಳಲ್ಲಿ ಚಳಿಗಾಲ ಕಳೆಯುತ್ತಿದ್ದ ವಿದೇಶಿಯರಿಗೆ ಪ್ರವಾಸಿ ವೀಸಾ ಮತ್ತೆ ಸಿಗತೊಡಗಿದ್ದು 2021ರ ಕೊನೆಯ ಹೊತ್ತಿಗೆ.

ಈ ಅವಧಿಯಲ್ಲಿ ಕಟ್ಟಡದ ಬಾಡಿಗೆಯಾಗಲಿ, ಬ್ಯಾಂಕಿನ ಬಡ್ಡಿಯಾಗಲಿ ನಿಲ್ಲಲಿಲ್ಲ. ರಿಸರ್ವ್ ಬ್ಯಾಂಕ್ ಆರು ತಿಂಗಳ ಮಟ್ಟಿಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತಾದರೂ ಆ ತಿಂಗಳುಗಳ ಬಡ್ಡಿ ಸಾಲಕ್ಕೆ ಸೇರುತ್ತಲೇ ಹೋಯಿತು. ಸಿದ್ದಾಪುರ, ಯಲ್ಲಾಪುರ, ಜೊಯಿಡಾ ಕಡೆ ತಮ್ಮ ವಾಸದ ಮನೆಯಲ್ಲೇ ಎರಡು ಕೋಣೆ ಅಣಿಮಾಡಿ ಅತಿಥಿಗಳನ್ನು ಇಟ್ಟುಕೊಳ್ಳುತ್ತಿದ್ದವರ ಸ್ಥಿತಿ ಬೇರೆ. ಕೋಣೆಗೆ ಬೀಗ ಹಾಕಿ ಅವರು ತೋಟದ ಕೆಲಸಕ್ಕೆ ಹೋದರು. ಮನೆ ಸ್ವಂತದ್ದು, ಅಡುಗೆ ಮನೆಯವರದ್ದೇ. ಅತಿಥಿ ಬಾರದ ದಿನ ಆದಾಯ ನಿಲ್ಲುತ್ತದೆಯೇ ಹೊರತು ಖರ್ಚು ಬೆಳೆಯುವುದಿಲ್ಲ.

ನಿರ್ಬಂಧ ಸಡಿಲವಾದ ಮೇಲೆ ನಗರದವರು ಬಯಸಿದ್ದು ಜನಸಂದಣಿಯಿಲ್ಲದ ಜಾಗ, ಗಾಳಿಯಾಡುವ ಜಗಲಿ, ಮನೆಯವರು ತಾವೂ ಉಣ್ಣುವ ತಂಬುಳಿ-ಅಪ್ಪೆಹುಳಿಯ ಊಟ. ಬೆಂಗಳೂರಿನ ನೌಕರಿಯನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತು ತಂದು, ನೆಟ್‌ವರ್ಕ್ ಹುಡುಕುತ್ತ ಗುಡ್ಡ ಹತ್ತಿದ ಊರಿನ ಮಕ್ಕಳಲ್ಲಿ ಕೆಲವರಿಗಾದರೂ ಊರಿನಲ್ಲೇ ಉಳಿಯಲು ಇದೊಂದು ಆಸರೆಯಾಗಬಲ್ಲದು. ಐದು ಕೋಣೆ ಮೀರದ ಹೋಮ್‌ಸ್ಟೇ ಗುಡ್ಡ ಕಡಿಯುವುದಿಲ್ಲ, ಹಳ್ಳಕ್ಕೆ ಕೊಳಚೆ ಬಿಡುವ ಪ್ರಮೇಯವೂ ಕಡಿಮೆ. ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ ಸ್ವಚ್ಛ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆತದ್ದು ಆ 2020ರ ಅಕ್ಟೋಬರಿನಲ್ಲೇ. ಸ್ವಚ್ಛತೆಗೆ ಬೆಲೆ ಕೊಡುವ ಅಂಥ ಪ್ರವಾಸಿಗರನ್ನು ಉಳಿಸಿಕೊಳ್ಳಲು ಸಣ್ಣ ಪ್ರಮಾಣದ ಆತಿಥ್ಯವೇ ಸರಿಯಾದ ದಾರಿ.

ವಿರೋಧ

ಹೋಮ್‌ಸ್ಟೇಗಳು ಉಳಿದವೆಂಬುದು ನಿಜ, ಆದರೆ ಅವುಗಳನ್ನು ಉಳಿಸಿದ್ದು ಅಡಿಕೆ. ಆಮದು ಕುಗ್ಗಿದ ಆ ದಿನಗಳಲ್ಲಿ ಅಡಿಕೆಯ ಧಾರಣೆ ಏರಿತ್ತು; ತೋಟವಿದ್ದವರ ಒಲೆ ಅತಿಥಿಗಳಿಲ್ಲದೆಯೂ ಉರಿಯಿತು. ಇದನ್ನು ಆತಿಥ್ಯೋದ್ಯಮದ ಗಟ್ಟಿತನವೆಂದು ಎಣಿಸಿದರೆ, ಆ ಉದ್ಯಮವನ್ನೇ ನಂಬಿದ್ದ, ತೋಟವೂ ಇಲ್ಲದ ಸ್ವಂತ ಸೂರೂ ಇಲ್ಲದ ಜನ ನಮ್ಮ ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ಲಾಡ್ಜಿನ ರೂಮ್‌ಬಾಯ್, ಹೋಟೆಲಿನ ಸಪ್ಲೈಯರ್, ಪಾತ್ರೆ ತೊಳೆಯುವ ಹೆಂಗಸು, ದೋಸೆ ಹೊಯ್ಯುವ ಭಟ್ಟರು, ಖಾನಾವಳಿಗೆ ನಸುಕಿನಲ್ಲಿ ಮೀನು ತಂದುಕೊಡುವಾಕೆ, ಇವರಲ್ಲಿ ಹೆಚ್ಚಿನವರಿಗೆ ದಿನದ ಅಥವಾ ತಿಂಗಳ ಸಂಬಳವೇ ಸರ್ವಸ್ವ. ಹಲವರಿಗೆ ಊಟ, ವಸತಿ ಎರಡೂ ಹೋಟೆಲಿನಲ್ಲೇ ಆಗಿದ್ದರಿಂದ ಬಾಗಿಲು ಮುಚ್ಚಿದ ದಿನ ಕೆಲಸದ ಜೊತೆ ಮಲಗುವ ಜಾಗವೂ ಹೋಯಿತು.

ಸರಕಾರದ ನೆರವು ಇರಲಿಲ್ಲವೆಂದಲ್ಲ. ನೌಕರರ ರಾಜ್ಯ ವಿಮೆಗೆ (ಇಎಸ್‌ಐ) ಒಳಪಟ್ಟು ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ 90 ದಿನಗಳವರೆಗೆ ಸರಾಸರಿ ಕೂಲಿಯ ಅರ್ಧದಷ್ಟು ಪರಿಹಾರವಿತ್ತು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಮಾಣಿಗೆ ಅದರಿಂದೇನು ದಕ್ಕೀತು? ಮಾಲೀಕರ ಕಥೆಯೂ ಹೀಗೆಯೇ. ತುರ್ತು ಸಾಲ ಖಾತರಿ ಯೋಜನೆಯನ್ನು 2021ರ ಮಾರ್ಚ್‌ನಲ್ಲಿ ಹೋಟೆಲುಗಳಿಗೆ ವಿಸ್ತರಿಸಿದಾಗ ಸಿಕ್ಕಿದ್ದು ಬ್ಯಾಂಕಿನಲ್ಲಿ ಆಗಲೇ ಇದ್ದ ಸಾಲದ ಶೇ. 40ರಷ್ಟು ಹೆಚ್ಚುವರಿ ಸಾಲ. ಪಿಗ್ಮಿ ಕಟ್ಟಿ, ಕೈಗಡ ತಂದು ನಾಲ್ಕು ಮೇಜಿನ ಖಾನಾವಳಿ ನಡೆಸುವವರು ಆ ಲೆಕ್ಕದೊಳಗೆ ಬರುವುದೇ ಇಲ್ಲ. ಉದ್ಯಮದ ಮುಂದಿನ ದಾರಿಯನ್ನು ಯೋಚಿಸುವವರು ತುಂಬಬೇಕಾದ ಕಂದಕ ಇದು, ಮತ್ತು ಹೋಮ್‌ಸ್ಟೇಗಳ ಹೆಚ್ಚಳ ಇದನ್ನು ತುಂಬುವುದಿಲ್ಲ.

ಇನ್ನು ಸೋಂಕಿನ ಮಾತು. ಲಾಡ್ಜಿನ ಕೋಣೆಯನ್ನು ತೊಳೆದು ಎರಡು ದಿನ ಖಾಲಿ ಬಿಡಬಹುದು; ಅತಿಥಿಯೂ ಎಂಬತ್ತು ವರ್ಷದ ಅಜ್ಜಿಯೂ ಒಂದೇ ಪಡಸಾಲೆಯಲ್ಲಿ ಉಣ್ಣುವ ಮನೆಯಲ್ಲಿ ಅಂತರ ಕಾಯುವುದು ಹೇಗೆ? ಗಂಭೀರ ಕಾಯಿಲೆ ಬಂದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಧಾವಿಸಬೇಕಾದ ಈ ಜಿಲ್ಲೆಯಲ್ಲಿ, ಜೊಯಿಡಾದ ಒಳಹಳ್ಳಿಯ ಮನೆಯೊಂದು ಅಪರಿಚಿತರನ್ನು ಬರಮಾಡಿಕೊಳ್ಳುವಾಗ ಹೊರುವ ಅಪಾಯವನ್ನು ಪರ ವಾದಿಸುವವರು ಹೇಳುವುದೇ ಇಲ್ಲ. ಶಿವರಾತ್ರಿಗೆ ಗೋಕರ್ಣಕ್ಕೂ ಮುರ್ಡೇಶ್ವರಕ್ಕೂ ಬಸ್ಸಿನಲ್ಲಿ ಬಂದಿಳಿಯುವ, ಮಿತವಾದ ದುಡ್ಡಿನ ಯಾತ್ರಿಕರಿಗೂ ಗುಡ್ಡದಾಚೆಯ ಹೋಮ್‌ಸ್ಟೇ ಉತ್ತರವಲ್ಲ.

ಬಾಗಿಲು ಮುಚ್ಚಿಸಲು ವೈರಾಣುವೇ ಬರಬೇಕೆಂದೂ ಇಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾದಂಗಡಿಯ ಕುಟುಂಬವೇ ಮಣ್ಣುಪಾಲಾಯಿತು. ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಬಂದಾಗಿ ಅದನ್ನೇ ನೆಚ್ಚಿದ ಹೋಟೆಲುಗಳಿಗೆ ಗಿರಾಕಿಯಿಲ್ಲದಾಯಿತು. ಮೂರು ವಾರದಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿಯಿತು. ಹೀಗಾಗಿ ನಮ್ಮ ಒತ್ತಾಯ ಇಷ್ಟು: ಕೆಲಸಕ್ಕೆ ಸೇರಿದ ದಿನವೇ ಪ್ರತಿ ಸಪ್ಲೈಯರ್, ಕ್ಲೀನರ್, ಅಡುಗೆಯವರ ಹೆಸರು ದಾಖಲಾಗಬೇಕು, ಸೀಸನ್ನಿನ ಎಂಟು ತಿಂಗಳು ಮಾಲೀಕರೂ ಸರಕಾರವೂ ಸೇರಿ ಕಟ್ಟುವ ನಿಧಿಯೊಂದು ಇರಬೇಕು, ಹೋಟೆಲು ಮುಚ್ಚಿದ ವಾರದಲ್ಲೇ ಅದರಿಂದ ಅವರ ಖಾತೆಗೆ ಹಣ ಬೀಳಬೇಕು.