ಇನ್ನೂ ಹೋಗಲಿಲ್ಲವೇ?

ಐದು ದಿನಗಳಿಂದ ನಾನು ಮಡಿಕೇರಿ ಪೇಟೆಗೆ ಇಳಿದಿಲ್ಲ. ಇಳಿದರೆ ಎದುರಾದವರೆಲ್ಲ ಮಾಸ್ಕನ್ನು ಗಲ್ಲಕ್ಕೆ ಜಾರಿಸಿ ಕೇಳುವುದು ಒಂದೇ ಪ್ರಶ್ನೆ: "ಇನ್ನೂ ಹೋಗಲಿಲ್ಲವೇ?" ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಮೂರು ಮನೆಗಳಲ್ಲಿ ಬೀಳ್ಕೊಡುಗೆಯ ಕಡಂಬುಟ್ಟು, ಪಂದಿಕರಿ ಉಂಡು, ಒಂದು ಮನೆಯಿಂದ ಜೇನಿನ ಬಾಟಲಿಯನ್ನೂ ಪಡೆದು ಅಮೆರಿಕಕ್ಕೆ ಹೊರಟವನು, ಬೆಂಗಳೂರಿನ ವಿಮಾನ ನಿಲ್ದಾಣದಿಂದಲೇ ಹಿಂತಿರುಗಿ ಬಂದು ಕಣದಲ್ಲಿ ಕಾಫಿ ಹಣ್ಣು ಹರಡುತ್ತಿದ್ದರೆ ಊರಿನವರು ಇನ್ನೇನು ಕೇಳಿಯಾರು? ಜೇನನ್ನು ಹಿಂತಿರುಗಿಸಬೇಕೇ ಎಂಬುದು ತೀರ್ಮಾನವಾಗಿಲ್ಲ. ಅರ್ಧ ಬಾಟಲಿ ಈಗಾಗಲೇ ಖಾಲಿಯಾಗಿದೆ.

ತೋಟದ ನೆರಳಿನ ಮರಗಳ ಅಧ್ಯಯನಕ್ಕೆಂದು ಅಲ್ಲಿನ ವಿಶ್ವವಿದ್ಯಾಲಯವೊಂದು ನನ್ನನ್ನು ಸಂದರ್ಶಕ ಸಂಶೋಧಕನಾಗಿ ಮೊದಲು ಕರೆದದ್ದು 2020ರ ಏಪ್ರಿಲ್‌ಗೆ. ಮಾರ್ಚ್ 23ರಂದು ವಿದೇಶದ ವಿಮಾನಗಳೇ ನಿಂತವು. ಮರುವರ್ಷ ಮೇ 4ರಿಂದ ಅಮೆರಿಕವು ಭಾರತದಿಂದ ಬರುವ ಬಹುಪಾಲು ಜನರಿಗೆ ಬಾಗಿಲು ಹಾಕಿ, ನವೆಂಬರ್ 8ರಂದು ಲಸಿಕೆ ಪೂರ್ಣಗೊಳಿಸಿದವರಿಗೆ ತೆರೆಯಿತು. ಅಷ್ಟರಲ್ಲಿ ಡಿಎಸ್-2019 ಎಂಬ ಆಹ್ವಾನದ ಕಾಗದ ಮೂರು ಸಲ ಹೊಸದಾಗಿ ಬಂದಿತ್ತು. ಊರಿನವರು ಕೋವಿಶೀಲ್ಡ್‌ನ ಎರಡನೆಯ ಡೋಸಿಗೆ 84 ದಿನ ಕಾಯುತ್ತಿದ್ದಾಗ, ವಿದೇಶಕ್ಕೆ ಓದಲು ಹೋಗುವವರಿಗೆ 28 ದಿನ ಸಾಕೆಂಬ ನಿಯಮದಡಿ ನಾನು ಕಾಗದ ತೋರಿಸಿ ಸಾಲಿನ ಮುಂದೆ ನಿಂತದ್ದನ್ನು ನೆರೆಯವರು ಇನ್ನೂ ಮರೆತಿಲ್ಲ.

ನನ್ನಂಥ ಸಂದರ್ಶಕ ಸಂಶೋಧಕರಿಗೆ ಅಮೆರಿಕ ಕೊಡುವ ಜೆ-1 ವೀಸಾದವರಿಗೆ ವಿಮೆ ಕಡ್ಡಾಯ. ಕಾಯಿಲೆಗೆ ಕನಿಷ್ಠ 1,00,000 ಡಾಲರ್, ಮೃತದೇಹವನ್ನು ಸ್ವದೇಶಕ್ಕೆ ಕಳುಹಿಸಲು 25,000 ಡಾಲರ್ ಎಂದು ನಾನು ಕನ್ನಡಕ್ಕೆ ತಿರುಗಿಸಿ ಓದಿದಾಗ ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿ, "ಜೀವ ಇಟ್ಟುಕೊಂಡು ಬಂದರೆ ಏನೂ ಕೊಡುವುದಿಲ್ಲವೋ?" ಎಂದು ಕೇಳಿದಳು. ಆ ಕಾಗದಗಳಲ್ಲಿ ಅದಕ್ಕೊಂದು ಕಲಮು ಇರಲಿಲ್ಲ.

ಇಷ್ಟೆಲ್ಲವನ್ನೂ ದಾಟಿದ ನನ್ನನ್ನು ಕೆಡವಿದ್ದು ಕೊರೊನಾ ಅಲ್ಲ, ನನ್ನ ಸೋದರಮಾವ. ಸೇನೆಯ ಸಿಗ್ನಲ್ಸ್ ದಳದಿಂದ ಸುಬೇದಾರರಾಗಿ ನಿವೃತ್ತರಾದ ಅವರಿಗೆ ಎಲ್ಲವನ್ನೂ ಹಿಂದಕ್ಕೆ ಎಣಿಸುವ ಅಭ್ಯಾಸ. ಹೊರಡುವುದಕ್ಕೆ ಮುಂಚಿನ 3 ದಿನಗಳೊಳಗೆ ಕೋವಿಡ್ ಪರೀಕ್ಷೆ ಆಗಿರಬೇಕೆಂಬ ನಿಯಮಕ್ಕೆ ಅವರು ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ಬಾಣಗಳನ್ನು ಬರೆದಿದ್ದರು. ಒಮಿಕ್ರಾನ್ ಬಂದದ್ದೇ, ಡಿಸೆಂಬರ್ 6ರಿಂದ ಆ ಮೂರು ದಿನ ಒಂದಾಯಿತು. ಹೀಗೆ ನಿಯಮ ಮಾಡಿದವರಿಗೆ, ರೈಲೂ ಇಲ್ಲದ, ವಿಮಾನ ನಿಲ್ದಾಣವೂ ಇಲ್ಲದ, ಬೆಂಗಳೂರು ತಲುಪಲು ಸುಮಾರು 260 ಕಿಲೋಮೀಟರ್ ತಿರುಗುದಾರಿ ಸವೆಸಬೇಕಾದ ಜಿಲ್ಲೆಯೊಂದು ಭೂಮಿಯ ಮೇಲಿದೆ ಎಂಬುದನ್ನು ಯಾರೂ ಹೇಳಿರಲಿಕ್ಕಿಲ್ಲ. ವಿಮಾನ 8ರ ನಸುಕಿನ ಎರಡು ಗಂಟೆಗೆ. ಮಾವ ಬಾಣಗಳನ್ನು ಹೊಡೆದುಹಾಕಿ ಹೊಸದಾಗಿ ಬರೆದು, 7ರ ಬೆಳಿಗ್ಗೆ ಪರೀಕ್ಷಾ ಕೇಂದ್ರದ ಬಾಗಿಲು ತೆರೆಯುವ ಮೊದಲೇ ನನ್ನನ್ನು ಅದರ ಮೆಟ್ಟಿಲ ಮೇಲೆ ನಿಲ್ಲಿಸಿದರು.

ಗಾಜಿನ ಆಚೆ ಮಾಸ್ಕು, ಮುಖಕವಚ ಧರಿಸಿದ್ದ ಹುಡುಗಿ ಹೆಸರು ಕೇಳಿದಳು. ನನ್ನ ಮೂಗಿಗೆ ಆಗಲೇ ಕಡ್ಡಿ ಹಾಕಿದ್ದರಿಂದ ಮಾತು ಹೊರಡಲಿಲ್ಲ. ಮಾವ ಮುಂದೆ ಬಂದು, ಎದೆ ಸೆಟೆಸಿ, ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಪದ ಕೂಗುವ ಸೇನೆಯ ಕ್ರಮದಲ್ಲಿ, ಗಡಿಯಾಚೆಗೂ ಕೇಳಿಸುವಂತೆ ನನ್ನ ಹೆಸರಿನ ಅಕ್ಷರಗಳನ್ನು ಹೇಳತೊಡಗಿದರು. "ಕಿಲೋ! ಆಲ್ಫಾ! ರೋಮಿಯೋ! ಇಂಡಿಯಾ!"

"ದೇಶದ ಹೆಸರಿಗೆ ಬೇರೆ ಕಾಲಮ್ ಇದೆ ಸರ್," ಎಂದಳು ಹುಡುಗಿ.

"ದೇಶವಲ್ಲಮ್ಮ, ಅಕ್ಷರ! ಆಲ್ಫಾ! ಪಾಪಾ! ಪಾಪಾ!"

"ತಂದೆಯ ಹೆಸರು ಬೇಡ ಸರ್. ರೋಗಿಯ ಹೆಸರು ಮಾತ್ರ ಹೇಳಿ."

ಹಿಂದಿನ ಸಾಲಿನಲ್ಲಿ ನಗು ತಡೆಯಲಾರದೆ ಕೆಮ್ಮಿದವರೊಬ್ಬರಿಂದ ಉಳಿದವರೆಲ್ಲ ಆರಡಿ ದೂರ ಸರಿದರು. ಮಾವ ಮಾತ್ರ ಸೋಲದೆ ಎರಡನೆಯ ಸಲ, ಮೂರನೆಯ ಸಲ ಹೇಳಿ, ಕೊನೆಗೂ ಕಾರ್ಯಪ್ಪ ಎಂಬ ನನ್ನ ಹೆಸರನ್ನು ಗಾಜು ದಾಟಿಸಿದರು.

ಕಿಲೋ ಎಂದರೆ ಕೆ. ನನ್ನ ಪಾಸ್‌ಪೋರ್ಟಿನಲ್ಲಿ ಇರುವುದು ಸಿ, ಅಂದರೆ ಚಾರ್ಲಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರೂ ಇಂಗ್ಲಿಷಿನಲ್ಲಿ ಸಿ ಎಂದೇ ಇರುವಾಗ, ಅವರ ಚಿತ್ರಕ್ಕೆ ದಿನವೂ ಸಲಾಮು ಹೊಡೆಯುವ ಮಾವನಿಗೆ ಆ ಹೊತ್ತಿನಲ್ಲಿ ಕಿಲೋ ಏಕೆ ನೆನಪಾಯಿತೋ ಕಾಣೆ. ರಾತ್ರಿ ಹನ್ನೊಂದಕ್ಕೆ ವಿಮಾನದವರ ಕೌಂಟರಿನಲ್ಲಿ ಸಿಬ್ಬಂದಿಯೊಬ್ಬರು ಪಾಸ್‌ಪೋರ್ಟನ್ನೂ ವರದಿಯನ್ನೂ ಅಕ್ಕಪಕ್ಕದಲ್ಲಿಟ್ಟು, ಬೆರಳನ್ನು ಮೊದಲ ಅಕ್ಷರದ ಮೇಲೆಯೇ ನಿಲ್ಲಿಸಿದರು. ಸೋಂಕಿಲ್ಲದಿರುವುದು ಕಿಲೋಗೆ, ಚಾರ್ಲಿಯ ವಿಷಯ ಯಾರಿಗೂ ಗೊತ್ತಿಲ್ಲ. ಮಡಿಕೇರಿಯಲ್ಲಿ ಫೋನ್ ಎತ್ತುವವರಿರಲಿಲ್ಲ. ನಿಲ್ದಾಣದಲ್ಲೇ ಮತ್ತೆ ಮೂಗು ಒಡ್ಡಿ, ಸಾಲಿನಲ್ಲಿ ಕಾದು, ಚಾರ್ಲಿಗೂ ಸೋಂಕಿಲ್ಲವೆಂದು ತಿಳಿಯುವಷ್ಟರಲ್ಲಿ ಕೌಂಟರು ಮುಚ್ಚಿತ್ತು.

ಸಿಟ್ಟಿನಲ್ಲಿ ಮರೆತಿದ್ದೊಂದು ಸಂಗತಿ ಮೊನ್ನೆ ಹಣ್ಣು ಹರಡುವಾಗ ನೆನಪಾಯಿತು. 2020ರಲ್ಲಿ ನನ್ನನ್ನು ಕರೆದಿದ್ದ ಹಿರಿಯ ಪ್ರಾಧ್ಯಾಪಕರು ಈ ನಡುವೆ ನಿವೃತ್ತರಾಗಿದ್ದಾರೆ. ನಾನು ಈಗ ಹೋಗುವುದು ಅವರು ಖಾಲಿ ಮಾಡಿದ ಕೋಣೆಗೆ. ನಮ್ಮ ತೋಟದ ಹಲಸು, ಅತ್ತಿ, ನಂದಿಮರಗಳ ನೆರಳಿನ ಬಗ್ಗೆ ಪತ್ರದಲ್ಲಿ ಅವರು ಕೇಳಿದ್ದ ಪ್ರಶ್ನೆಗಳಿಗೆ, ಎದುರು ಕುಳಿತು ಕಾಫಿ ಕುಡಿಯುತ್ತಾ ಹೇಳೋಣವೆಂದು ನಾನು ಉತ್ತರ ಬರೆದಿರಲಿಲ್ಲ.

ಹೊಸ ಟಿಕೆಟು ಮುಂದಿನ ವಾರಕ್ಕಿದೆ. ಮಾವ ಪಶ್ಚಾತ್ತಾಪದಿಂದ ಅದೇ ಕೇಂದ್ರಕ್ಕೆ ನಿನ್ನೆಯೇ ಫೋನ್ ಮಾಡಿ ಸಮಯ ಗೊತ್ತುಮಾಡಿದರು. ಜಗಲಿಯ ತುದಿಯಲ್ಲಿ ನಿಂತು, "ಚಾರ್ಲಿ! ಚಾರ್ಲಿ! ಬರೆದುಕೊಂಡೆಯಾಮ್ಮ?" ಎಂದು ನಾಲ್ಕು ಸಲ ಕೂಗಿದ ಮೇಲೆ, ಅತ್ತಲಿಂದ ಹುಡುಗಿಯ ದನಿ ಸ್ಪೀಕರಿನಲ್ಲಿ ನನಗೂ ಕೇಳಿಸಿತು:

"ಬರೆದುಕೊಂಡೆ ಸರ್. ಮೊನ್ನೆ ಬಂದಿದ್ದರಲ್ಲ, ಕಿಲೋ ಅವರು, ಇನ್ನೂ ಹೋಗಲಿಲ್ಲವೇ?"